ತೇವ ಅಳೆಯಲು ಬಂದವನಿಗೆ

ತಲೆ ತಗ್ಗಿಸು ತುಲ್ಲಿಯೊ, ಈ ತೊಲೆ
ನಿನ್ನಂಥ ಓದಿದವರ ಹಣೆಗೇ ಕಾದಿರುತ್ತದೆ.
ಯಂತ್ರವನ್ನು ಆ ಬುಟ್ಟಿಯ ಮೇಲಿಡು. ಮೊದಲು ಮೂಸು.

ಅಟ್ಟಕ್ಕೆ ಅಟ್ಟವೇ ಹಣ್ಣು.
ಬಿದಿರ ತಟ್ಟೆಯ ಮೇಲೆ ತಟ್ಟೆ, ಅದರ ಮೇಲೆ ಮತ್ತೊಂದು.
ನಮ್ಮಜ್ಜಿಯ ಕಾಲಕ್ಕೆ ಇವುಗಳಲ್ಲಿ ರೇಷ್ಮೆಹುಳು ಮಲಗುತ್ತಿದ್ದವು,
ಹಿಪ್ಪುನೇರಳೆಯೆಲೆ ಮೇಯುವ ಸದ್ದು ರಾತ್ರಿಯಿಡೀ,
ಹಲ್ಲಿಲ್ಲದ ಮುದುಕಿಯರು ಜಪಮಣಿ ಎಣಿಸಿದ ಹಾಗೆ.
ಹುಳು ಹೋದವು. ತಟ್ಟೆ ಉಳಿದವು.
ಮಲಗಿ ಬದಲಾಗುವ ಕೆಲಸ ಹಣ್ಣಿಗೆ ಬಂತು.

ಇದು ಕೊರ್ವೀನ: ಕಾಗೆಯ ಹೆಸರು, ಕಾಗೆಯ ಕಪ್ಪು.
ಇದು ರೊಂದಿನೆಲ್ಲ, ಕವಲುಬಾಲದ ಹಕ್ಕಿಯ ಮನೆತನ,
ಯಾವ ರೋಗಕ್ಕೂ ಜಗ್ಗದ್ದು, ಮಾತಿನಲ್ಲಿ ಸ್ವಲ್ಪ ಪೆದ್ದು.
ಆ ಮಂಕು ಕೆಂಪಿನವಳು ಮೊಲಿನಾರ, ಗಿರಣಿಯವಳು,
ಉಜ್ಜಿ ನೋಡು, ಮೈಯೆಲ್ಲ ಹಿಟ್ಟು.
ಈಗ ಅವಳನ್ನು ಯಾರೂ ಕೇಳುವುದಿಲ್ಲ, ಬಣ್ಣ ಸಾಲದಂತೆ.
ನಾನು ನಾಲ್ಕು ಸಾಲು ಉಳಿಸಿಕೊಂಡಿದ್ದೇನೆ,
ನಿನ್ನ ಕಾಗದದಲ್ಲಿ ಬರೆಯಬೇಡ.

ಗೊಂಚಲಿಗೆ ಕಿವಿ ಇರುತ್ತದೆ, ಗೊತ್ತೆ?
ಹೆಗಲಿನಿಂದ ಆಚೆ ಚಾಚಿದ ಈ ಎರಡು ಕವಲು.
ಬಿಸಿಲು ಕೂಗಿದರೆ ಮೊದಲು ಕೇಳಿಸುವುದು ಇವಕ್ಕೇ.
ಅದಕ್ಕೇ ನಮ್ಮ ಸಿಹಿ ವೈನಿಗೆ ಕಿವಿಯದೇ ಹೆಸರು, ರೆಚೋತೊ.
ಅಪ್ಪ ಬರಿಯ ಕಿವಿಗಳನ್ನು ಕೊಯ್ದು ತರುತ್ತಿದ್ದ,
ಉಳಿದ ಮೈ ದಿನದ ಊಟದ ವೈನಿಗೆ.

ಆಮೇಲೆ ನೂರು ದಿನ.
ಲೆಸ್ಸೀನಿ ಬೆಟ್ಟದ ಗಾಳಿ ಬಂದರೆ ಕಿಟಕಿ ತೆಗೆ,
ಆದಿಜೆ ಹೊಳೆಯ ಮಂಜು ಹತ್ತಿದರೆ ಮುಚ್ಚು.
ಅಷ್ಟೇ ವಿದ್ಯೆ. ಆದರೆ ರಾತ್ರಿ ಎರಡಕ್ಕೆ ಏಳಬೇಕು.

ಅಕ್ಕ ಆರ್ಜಿಯಳ ಮದುವೆಗೆಂದು ಒಂದು ಪೀಪಾಯಿ ಇತ್ತು,
ಮೂಲೆಯಲ್ಲಿ, ಸುಣ್ಣದಲ್ಲಿ ಅವಳ ಹೆಸರು.
ಈಸ್ಟರಿನ ಮುಂಚಿನ ಉಪವಾಸದಲ್ಲಿ, ಒಂದು ಮಂಗಳವಾರ,
ಅವಳು ಕಲ್ಲುಕುಟಿಗನೊಬ್ಬನ ಜತೆ
ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಯೂರಿಗೆ ಹೋದಳು.
ಅಪ್ಪ ಬೈಯಲಿಲ್ಲ. ಸುಣ್ಣ ಒರೆಸಲೂ ಇಲ್ಲ.
ನೆಲಮಾಳಿಗೆಗೆ ಇಳಿದರೆ ಆ ಮೂಲೆಗೆ
ಎಲ್ಲರೂ ಬೆನ್ನು ಹಾಕಿಯೇ ನಡೆದೆವು.
ಆರು ಚಳಿಗಾಲ.

ಏಳನೆಯದರಲ್ಲಿ ಬಂದಳು. ಒಂದು ಕೈಯಲ್ಲಿ ಹುಡುಗ,
ಇನ್ನೊಂದರಲ್ಲಿ ಹಗ್ಗ ಬಿಗಿದ ಪೆಟ್ಟಿಗೆ.
ಗಂಡನ ಕೆಮ್ಮಿನ ಸಂಗತಿ ಊಟವಾದ ಮೇಲೆ ಹೇಳಿದಳು.
ಅಪ್ಪ ಹೂಜಿ ಹಿಡಿದು ಕೆಳಗಿಳಿದ.
ತಿರುಗಿ ಬರಲು ಬಹಳ ಹೊತ್ತು ಹಿಡಿಯಿತು.

ಸಿಹಿ ಇರಲಿಲ್ಲ. ತೊಟ್ಟೂ ಇರಲಿಲ್ಲ.
ಕತ್ತಲಲ್ಲಿ, ಬೇಡ ಅನ್ನುವವರಿಲ್ಲದೆ,
ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದು ಮುಗಿಸಿತ್ತು ರಸ.
ಚೆರ್ರಿಯ ಓಟೆ ಕಡಿದಾಗಿನ ಕಹಿ,
ಆಮೇಲೆ, ತಡವಾಗಿ, ಕಿವಿಯ ತನಕ ಏರುವ ಬಿಸಿ.
'ಕೆಟ್ಟುಹೋಗಿದೆ,' ಎಂದ ಅಪ್ಪ, ಮೇಜನ್ನು ನೋಡುತ್ತ.
ಹುಡುಗ ರೊಟ್ಟಿ ಅದ್ದಿ ನಾಲಿಗೆ ಹೊರಚಾಚಿದ.
ಆರ್ಜಿಯ ಲೋಟ ಮುಂದೆ ತಳ್ಳಿದಳು:
'ಇರಲಿ. ಹಾಕು.'

ಈಗ ಅದಕ್ಕೇ ಚಿನ್ನದ ಚೀಟಿ ಅಂಟಿಸಿ
ಅಮರೋನೆ, ದೊಡ್ಡ ಕಹಿ, ಎಂದು ಮಾರುತ್ತಾರೆ.
ಈ ಕಣಿವೆಯ ಪ್ರತಿ ಮನೆಯಲ್ಲೂ ಒಂದು ಕತೆ:
ಪೀಪಾಯಿಯನ್ನು ಮೊದಲು ಮರೆತವರು ನಾವೇ ಎಂದು.
ನಮ್ಮ ಮನೆಯಲ್ಲಿ ಯಾರೂ ಮರೆತಿರಲಿಲ್ಲ.

ಏನಂತೆ ನಿನ್ನ ಯಂತ್ರ? ಎಪ್ಪತ್ತೆರಡೇ?
ಎಪ್ಪತ್ತು ದಾಟಿದೆ ಎಂದು ನನ್ನ ಮೊಣಕಾಲು
ಬೆಳಗ್ಗೆಯೇ ಹೇಳಿತ್ತು.
ಬಡಗಣ ಕಿಟಕಿ ತೆಗೆ. ಹಾಗಲ್ಲ, ಎತ್ತಿ ತಳ್ಳು.
ಆ ಮೂರನೆಯ ತಟ್ಟೆಯಲ್ಲಿ ಬೂದು ಹಿಡಿದ ಒಂದು ಹಣ್ಣಿದೆ,
ಕಾಣಿಸಿತೆ? ಉಗುರಿನಿಂದ ತೆಗೆ, ಪಕ್ಕದ್ದಕ್ಕೆ ತಾಗದಂತೆ.
ಹಾಂ.
ಇನ್ನು ನಾನೂರು ತಟ್ಟೆ.